ಐದು ಪ್ರೊಜ್ ಡಿಬಿಗಳಿದ್ದ ಲ್ಯಾಪ್‌ಟಾಪ್: ಒಂದು ಜಿಡಾಲ್ ಅಳವಡಿಕೆಯ ದುರಸ್ತಿ ದಾಖಲೆ

ದುರಸ್ತಿಗೆ ಬಂದದ್ದು 8 ಜಿಬಿ ರ‍್ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿ ಇರುವ, ಉಬುಂಟು 22.04 ಹಾಕಿದ ಸಾಧಾರಣ ಲ್ಯಾಪ್‌ಟಾಪ್. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಕೆಟ್ಟಿದ್ದದ್ದು ಅದರೊಳಗಿನ ಭೂಮಾಹಿತಿ ತಂತ್ರಾಂಶಗಳ ಅಳವಡಿಕೆ. ಲ್ಯಾಪ್‌ಟಾಪ್ ನಮ್ಮ ನೆರೆಮನೆಯವರ ಮಗಳದು. ಅವರು ಕೊಣಾಜೆಯಲ್ಲಿ ಸಂಶೋಧನೆ ಮಾಡುತ್ತಿದ್ದು, ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯಿಂದ ದಕ್ಷಿಣಕ್ಕೆ, ಉಳ್ಳಾಲದಿಂದ ಸೋಮೇಶ್ವರದವರೆಗಿನ ದಡರೇಖೆ ವರ್ಷದಿಂದ ವರ್ಷಕ್ಕೆ ಹೇಗೆ ಸರಿದಿದೆ ಎಂಬುದನ್ನು ಉಪಗ್ರಹ ಚಿತ್ರಗಳಲ್ಲಿ ಅಳೆಯುವುದು ಅವರ ವಿಷಯ. ಕಡಲ್ಕೊರೆತ ಈ ಭಾಗದ ಜನರಿಗೆ ಪತ್ರಿಕೆಯ ಸುದ್ದಿಯಷ್ಟೇ ಅಲ್ಲ, ಪ್ರತಿ ಮಳೆಗಾಲದ ಆತಂಕ. ಆದ್ದರಿಂದ ಈ ಕೆಲಸ ತಂತ್ರಾಂಶದ ತಕರಾರಿನಿಂದ ನಿಂತುಹೋಗಬಾರದೆಂಬ ಕಾಳಜಿ ನನಗೂ ಇತ್ತು.

ಈ ಕೆಲಸಕ್ಕೆ ಬೇಕಾದ ಮುಖ್ಯ ತಂತ್ರಾಂಶಗಳು ಎರಡು. ಒಂದು ಜಿಡಾಲ್: ಉಪಗ್ರಹ ಚಿತ್ರಗಳನ್ನೂ ನಕ್ಷೆಗಳನ್ನೂ ಅನೇಕ ಬಗೆಯ ಫೈಲ್‌ಗಳಿಂದ ಓದಿ ಬರೆಯುವ ಈ ಮುಕ್ತ ಲೈಬ್ರರಿಯನ್ನು 1998ರಲ್ಲಿ ಫ್ರ್ಯಾಂಕ್ ವಾರ್ಮರ್ಡಾಮ್ ಆರಂಭಿಸಿದರು. ಇನ್ನೊಂದು ಪ್ರೊಜ್: ಅಕ್ಷಾಂಶ ರೇಖಾಂಶಗಳನ್ನು ಮೀಟರ್ ಲೆಕ್ಕದ ನಕ್ಷೆಗೆ ಇಳಿಸುವ, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಜೆರಾಲ್ಡ್ ಎವೆಂಡೆನ್ ಬರೆಯತೊಡಗಿದ ಲೈಬ್ರರಿ. ಜಿಡಾಲ್ ತನ್ನ ನಿರ್ದೇಶಾಂಕದ ಕೆಲಸವನ್ನೆಲ್ಲ ಪ್ರೊಜ್‌ಗೆ ಒಪ್ಪಿಸುತ್ತದೆ. ನಕ್ಷೆಗಳನ್ನು ತೆರೆದು ನೋಡುವ ಕ್ಯೂಜಿಐಎಸ್ ಆಗಲಿ, ಪೈಥಾನ್ ಭಾಷೆಯ ರಾಸ್ಟೀರಿಯೊ ಮತ್ತು ಪೈಪ್ರೊಜ್ ಪ್ಯಾಕೇಜುಗಳಾಗಲಿ ನಿಂತಿರುವುದು ಇವುಗಳ ಮೇಲೆಯೇ. ಬುಡದ ಈ ಲೈಬ್ರರಿಗಳು ಕೈಕೊಟ್ಟರೆ ಮೇಲಿನ ಯಾವ ಪ್ರೋಗ್ರಾಮೂ ನೆಟ್ಟಗೆ ನಡೆಯುವುದಿಲ್ಲ.

ತಕರಾರುಗಳ ಪಟ್ಟಿ ಉದ್ದವಿತ್ತು. ಪೈಥಾನಿನಲ್ಲಿ ಚಿತ್ರ ತೆರೆಯುತ್ತದೆ, ಆದರೆ ನಿರ್ದೇಶಾಂಕ ಬದಲಿಸಲು ಹೋದರೆ ದೋಷ. ಚಿತ್ರವನ್ನು ಅಂಕಿಗಳ ಅರೇ, ಅಂದರೆ ಕೋಷ್ಟಕ, ಆಗಿ ಓದಲು ಹೋದರೆ ಬೇರೊಂದು ದೋಷ. ಕ್ಯೂಜಿಐಎಸ್ ಒಮ್ಮೊಮ್ಮೆ ತೆರೆಯುತ್ತದೆ, ಒಮ್ಮೊಮ್ಮೆ ಇಲ್ಲ. ಈ ‘ಒಮ್ಮೊಮ್ಮೆ’ಯನ್ನು ನಾನು ಹಾಗೆಯೇ ಬಿಡಲಿಲ್ಲ, ಏಕೆಂದರೆ ಕಂಪ್ಯೂಟರಿನಲ್ಲಿ ಕಾರಣವಿಲ್ಲದ ‘ಒಮ್ಮೊಮ್ಮೆ’ ಬಹಳ ಅಪರೂಪ. ಕೆದಕಿ ಕೇಳಿದಾಗ ತಿಳಿದದ್ದು ಇಷ್ಟು: ಮೆನುವಿನ ಚಿತ್ರವನ್ನು ಒತ್ತಿದರೆ ಕ್ಯೂಜಿಐಎಸ್ ಪ್ರತಿ ಸಲವೂ ತೆರೆಯುತ್ತದೆ, ಟರ್ಮಿನಲ್‌ನಲ್ಲಿ ಹೆಸರು ಟೈಪ್ ಮಾಡಿದರೆ ಒಮ್ಮೆಯೂ ತೆರೆಯುವುದಿಲ್ಲ. ಇಡೀ ದುರಸ್ತಿಯ ದಿಕ್ಕನ್ನು ತೋರಿಸಿದ್ದು ಈ ಒಂದು ಸಂಗತಿ. ಟರ್ಮಿನಲ್ ತೆರೆದಾಗ ಮಾತ್ರ ಓದಲ್ಪಡುವ, ಮೆನುವಿನಿಂದ ಪ್ರೋಗ್ರಾಮು ಹೊರಟಾಗ ಓದಲ್ಪಡದ ಫೈಲ್ ಒಂದಿದೆ. ಅದು ಮನೆಯ (ಹೋಮ್) ಫೋಲ್ಡರಿನಲ್ಲಿ ಅಡಗಿರುವ ಬ್ಯಾಶ್‌ಆರ್‌ಸಿ.

ಆ ಫೈಲ್ ತೆರೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. “ಅಣ್ಣ, ಇದನ್ನೆಲ್ಲ ಅಳಿಸಿ ಹೊಸದಾಗಿ ಉಬುಂಟು ಹಾಕಿದರೆ ಆಗುವುದಿಲ್ಲವಾ? ನಿಮಗೂ ಕೆಲಸ ಕಡಿಮೆ” ಎಂದು ಅವರು ಕೇಳಿದರು. ಆಗುತ್ತದೆ, ಆದರೆ ರೋಗ ಯಾವುದೆಂದು ತಿಳಿಯದೆ ಉಳಿಯುತ್ತದೆ. ಯಾವ ಸಲಹೆಯನ್ನು ಅನುಸರಿಸಿ ಈ ಸ್ಥಿತಿ ಬಂತೋ ಅದೇ ಸಲಹೆ ಮುಂದಿನ ಸಲವೂ ಎದುರಾಗುತ್ತದೆ, ಪ್ರಬಂಧ ಸಲ್ಲಿಸುವ ಹೊತ್ತಿಗೆ ಯಂತ್ರ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಅವರ ದತ್ತಾಂಶವನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿದೆವು. ಏನನ್ನೂ ಬದಲಿಸುವ ಮುನ್ನ ತಂತ್ರಾಂಶ ತಂದು ಹಾಕುವ ಸಾಧನಗಳಾದ ಆಪ್ಟ್ (ಉಬುಂಟುವಿನದು), ಪಿಪ್ (ಪೈಥಾನಿನದು) ಮತ್ತು ಕಾಂಡಾ (ಅನಕೊಂಡಾದ್ದು) ಈ ಮೂರೂ ತಾವು ಹಾಕಿರುವ ಪ್ಯಾಕೇಜುಗಳೆಂದು ತೋರಿಸುವ ಪಟ್ಟಿಗಳನ್ನು ಮೂರು ಪಠ್ಯ ಫೈಲ್‌ಗಳಲ್ಲಿ ಉಳಿಸಿಕೊಂಡೆವು. ಮುಂದೆ ಏನನ್ನು ತೆಗೆದರೂ ಮೊದಲು ಏನಿತ್ತು ಎಂಬುದಕ್ಕೆ ಈ ಪಟ್ಟಿಗಳೇ ಆಧಾರ.

ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಏನೋ ಇಲ್ಲವೆಂಬ ಅನುಮಾನ ಹೋಗಿ, ಎಲ್ಲವೂ ಬೇಕಾದ್ದಕ್ಕಿಂತ ಹೆಚ್ಚಾಗಿದೆ ಎಂಬುದು ಸ್ಪಷ್ಟವಾಯಿತು. ಉಬುಂಟು 22.04ರ ಭಂಡಾರದಿಂದ ಬಂದ ಜಿಡಾಲ್ 3.4.1 ಮತ್ತು ಪ್ರೊಜ್ 8.2.1 ಇದ್ದವು. ಹಿಂದೆ ಯಾವುದೋ ತರಗತಿಗಾಗಿ ಹಾಕಿದ, ಪೈಥಾನ್ ಮತ್ತು ಅದರ ಪ್ಯಾಕೇಜುಗಳ ಕಟ್ಟಾದ ಹಳೆಯ ಅನಕೊಂಡಾ ಇತ್ತು, ಅದರೊಳಗೆ ಬೇರೆ ಜಿಡಾಲ್. ಅದೇ ಅನಕೊಂಡಾದಲ್ಲಿ ಸಂಶೋಧನೆಗೆಂದು ಮಾಡಿದ ಪ್ರತ್ಯೇಕ ಎನ್ವಿರಾನ್‌ಮೆಂಟ್, ಅಂದರೆ ತನ್ನದೇ ಪ್ಯಾಕೇಜುಗಳಿರುವ ಬೇರೆ ಜಾಗ, ಇತ್ತು, ಅಲ್ಲಿ ಮತ್ತೊಂದು. ಇವೆಲ್ಲದರ ಜೊತೆಗೆ ಪಿಪ್ ಮೂಲಕ ಮನೆಯ ಫೋಲ್ಡರಿನ ಡಾಟ್‌ಲೋಕಲ್‌ನಲ್ಲಿ ಕುಳಿತ ರಾಸ್ಟೀರಿಯೊ ಮತ್ತು ಪೈಪ್ರೊಜ್. ಪಿಪ್‌ನಲ್ಲಿ ಸಿಗುವ ಈ ಎರಡೂ ಪ್ಯಾಕೇಜುಗಳು ತಮಗೆ ಬೇಕಾದ ಲೈಬ್ರರಿಗಳನ್ನು ತಮ್ಮೊಳಗೇ ಕಟ್ಟಿಕೊಂಡು ಬರುತ್ತವೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ.

ಈಗ ದೋಷದ ಸಂದೇಶವನ್ನು ಓದಬೇಕು. ಪೈಥಾನ್ ಹತ್ತಾರು ಸಾಲು ಉಗುಳಿದರೂ ಮುಖ್ಯವಾದದ್ದು ಒಂದೇ ಸಾಲು. ಅದರ ತಾತ್ಪರ್ಯ ಹೀಗಿತ್ತು: ಇಂತಿಂಥ ಫೋಲ್ಡರಿನಲ್ಲಿರುವ ಪ್ರೊಜ್ ಡಿಬಿ ಫೈಲಿನ ವಿನ್ಯಾಸದ ಸಂಖ್ಯೆ ನಿರೀಕ್ಷೆಗಿಂತ ಕಡಿಮೆ ಇದೆ, ಈ ಫೈಲ್ ಬೇರೊಂದು ಪ್ರೊಜ್ ಅಳವಡಿಕೆಗೆ ಸೇರಿದ್ದು. ಇಷ್ಟು ನೇರವಾಗಿ ಕಾರಣ ಹೇಳುವ ದೋಷಸಂದೇಶಗಳು ಕಡಿಮೆ. ಆದರೂ ಉದ್ದದ ಕೆಂಪು ಸಾಲುಗಳ ನಡುವೆ ಇದ್ದುದರಿಂದ ಅದನ್ನು ಯಾರೂ ಪೂರ್ತಿ ಓದಿರಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳಬೇಕು. 2019ರ ಮಾರ್ಚಿನಲ್ಲಿ ಬಂದ ಪ್ರೊಜ್ 6ರಿಂದ ಈ ಲೈಬ್ರರಿ ಜಗತ್ತಿನ ನಿರ್ದೇಶಾಂಕ ಪದ್ಧತಿಗಳ ವಿವರಗಳನ್ನು ಎಸ್‌ಕ್ಯೂಲೈಟ್ ದತ್ತಾಂಶ ಫೈಲ್ ಒಂದರಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಪ್ರೊಜ್ ಡಿಬಿ. ನಮ್ಮ ಕರಾವಳಿಗೆ ಬಳಸುವ, ಮೀಟರ್ ಲೆಕ್ಕದ ಯುಟಿಎಂ ವಲಯ 43 ಉತ್ತರ, ಅಂದರೆ ನಿರ್ದೇಶಾಂಕ ಪದ್ಧತಿಗಳ ಇಪಿಎಸ್‌ಜಿ ಪಟ್ಟಿಯ 32643, ಏನೆಂದು ಲೈಬ್ರರಿ ತಿಳಿದುಕೊಳ್ಳುವುದು ಈ ಫೈಲಿನಿಂದಲೇ. ಲೈಬ್ರರಿಯ ಆವೃತ್ತಿ ಮುಂದೆ ಹೋದಂತೆ ಈ ಫೈಲಿನ ಒಳವಿನ್ಯಾಸವೂ ಬದಲಾಗುತ್ತದೆ. ಹೊಸ ಲೈಬ್ರರಿಯ ಕೈಗೆ ಹಳೆಯ ಫೈಲ್ ಸಿಕ್ಕಿದರೆ ಕಳೆದ ವರ್ಷದ ಪಂಚಾಂಗ ಹಿಡಿದು ಈ ವರ್ಷದ ಮುಹೂರ್ತ ಹುಡುಕಿದಂತಾಗುತ್ತದೆ. ಲೈಬ್ರರಿ ಅದನ್ನು ಗುರುತಿಸಿ ಒಲ್ಲೆ ಎನ್ನುತ್ತದೆ, ಮತ್ತು ಹಾಗೆನ್ನುವುದೇ ಸರಿ.

ಡಿಸ್ಕಿನಲ್ಲಿ ಇಂಥ ಫೈಲ್‌ಗಳು ಎಲ್ಲೆಲ್ಲಿವೆ ಎಂದು ಫೈಂಡ್ ಕಮಾಂಡಿನಿಂದ ಹುಡುಕಿಸಿದೆ. ಐದು ಸಿಕ್ಕವು. ಉಬುಂಟುವಿನದೊಂದು, ಅನಕೊಂಡಾದ ಮೂಲ ಫೋಲ್ಡರಿನಲ್ಲೊಂದು, ಎನ್ವಿರಾನ್‌ಮೆಂಟಿನಲ್ಲೊಂದು, ರಾಸ್ಟೀರಿಯೊದ ಹೊಟ್ಟೆಯಲ್ಲೊಂದು, ಪೈಪ್ರೊಜ್‌ನ ಹೊಟ್ಟೆಯಲ್ಲಿ ಇನ್ನೊಂದು. ಐದು ಇರುವುದೇ ತಪ್ಪಲ್ಲ. ಪ್ರತಿಯೊಂದು ಲೈಬ್ರರಿಯೂ ತನ್ನ ಪಕ್ಕದ ಫೈಲನ್ನೇ ಓದಿದ್ದರೆ ಐದೂ ಸುಖವಾಗಿ ಇರುತ್ತಿದ್ದವು. ಬೇರೆ ಬೇರೆ ಲೈಬ್ರರಿಗಳನ್ನೆಲ್ಲ ಎಳೆದು ಒಂದೇ ಫೈಲಿನ ಮುಂದೆ ನಿಲ್ಲಿಸಿದವರು ಯಾರು ಎಂಬುದೇ ಪ್ರಶ್ನೆ.

ಬ್ಯಾಶ್‌ಆರ್‌ಸಿ ತೆರೆದಾಗ ಉತ್ತರ ಕೊನೆಯ ಎರಡು ಸಾಲುಗಳಲ್ಲಿತ್ತು. ಒಂದು ಸಾಲು ಪ್ರೊಜ್ ಲಿಬ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ (ಪ್ರೋಗ್ರಾಮುಗಳು ಹೊರಡುವಾಗ ನೋಡುವ ಹೆಸರಿಟ್ಟ ಸೂಚನೆ; ಕಾಂಡಾದ ಎನ್ವಿರಾನ್‌ಮೆಂಟ್ ಬೇರೆ) ಅನಕೊಂಡಾದ ಮೂಲ ಫೋಲ್ಡರಿನ ವಿಳಾಸವನ್ನು ಕೊಟ್ಟಿತ್ತು. ಇನ್ನೊಂದು ಸಾಲು ಎಲ್‌ಡಿ ಲೈಬ್ರರಿ ಪಾತ್ ಎಂಬ ವೇರಿಯಬಲ್ಲಿಗೆ ಅನಕೊಂಡಾದ ಲೈಬ್ರರಿ ಫೋಲ್ಡರನ್ನು ಸೇರಿಸಿತ್ತು. ಎರಡೂ ಎಂದೋ ಯಾವುದೋ ದೋಷಕ್ಕೆ ಮದ್ದೆಂದು ಯಾರೋ ಹೇಳಿದ ಸಾಲುಗಳು. ಆ ದೋಷ ಅಂದು ಹೋಗಿಯೂ ಇರಬಹುದು. ಆದರೆ ಈ ಎರಡು ವೇರಿಯಬಲ್ಲುಗಳ ಅಧಿಕಾರ ಆ ಟರ್ಮಿನಲ್‌ನಿಂದ ಹೊರಡುವ ಪ್ರತಿಯೊಂದು ಪ್ರೋಗ್ರಾಮಿನ ಮೇಲೂ ನಡೆಯುತ್ತದೆ. ಪ್ರೊಜ್ ಲಿಬ್ ಇದ್ದರೆ ಪ್ರೊಜ್ ತನ್ನ ಪಕ್ಕದ ಫೈಲನ್ನು ಬಿಟ್ಟು ಮೊದಲು ಅಲ್ಲಿಗೇ ಹೋಗುತ್ತದೆ. ಪ್ರೊಜ್ 9.1ರಿಂದ ಈ ವೇರಿಯಬಲ್ಲಿನ ಹೆಸರು ಪ್ರೊಜ್ ಡೇಟಾ ಎಂದಾಗಿದ್ದರೂ ಹಳೆಯ ಹೆಸರಿಗೂ ಮನ್ನಣೆ ಉಳಿದಿದೆ. ರಾಸ್ಟೀರಿಯೊ ಕೂಡ ಇಂಥ ವೇರಿಯಬಲ್ ಕಂಡರೆ ತನ್ನೊಳಗಿನ ಫೈಲನ್ನು ಬದಿಗಿಟ್ಟು ಅದನ್ನೇ ಪಾಲಿಸುತ್ತದೆ.

ಇದು ಊಹೆಯಾಗಿ ಉಳಿಯಬಾರದೆಂದು ಒಂದು ಪರೀಕ್ಷೆ ಮಾಡಿದೆವು. ಎನ್ವ್ ಕಮಾಂಡಿಗೆ ಐ ಎಂಬ ಆಯ್ಕೆ ಕೊಟ್ಟು, ಯಾವ ವೇರಿಯಬಲ್ಲೂ ಇಲ್ಲದ, ಬ್ಯಾಶ್‌ಆರ್‌ಸಿಯನ್ನೂ ಓದದ ಬರಿಯ ಬ್ಯಾಶ್ ತೆರೆದು, ಅಲ್ಲಿ ಅದೇ ಪೈಥಾನ್ ಸಾಲುಗಳನ್ನು ಓಡಿಸಿದೆವು. ನಿರ್ದೇಶಾಂಕದ ದೋಷ ಮಾಯವಾಯಿತು. ಮತ್ತೆ ಪ್ರೊಜ್ ಲಿಬ್ ಒಂದನ್ನೇ ಸೇರಿಸಿದಾಗ ದೋಷ ಮರಳಿತು. ಬೇಕೆಂದಾಗ ಬರಿಸಿ, ಬೇಡವೆಂದಾಗ ಹೋಗಿಸಲು ಸಾಧ್ಯವಾದ ಮೇಲೆಯೇ ಕಾರಣ ಸಿಕ್ಕಿತೆಂದು ನಾನು ಒಪ್ಪುತ್ತೇನೆ. ಒಂದು ಸಾಲು ಅಳಿಸಿದಾಗ ದೋಷ ಹೋಯಿತೆಂಬುದಷ್ಟೇ ಸಾಕಾಗುವುದಿಲ್ಲ, ಏಕೆಂದರೆ ಅದೇ ಹೊತ್ತಿಗೆ ಬೇರೆ ಏನೋ ಬದಲಾಗಿರಬಹುದು.

ಕ್ಯೂಜಿಐಎಸ್ ತೆರೆಯದಿದ್ದುದಕ್ಕೆ ಎರಡನೆಯ ಸಾಲು ಕಾರಣ. ಟರ್ಮಿನಲ್‌ನಲ್ಲಿ ಬಂದ ಸಂದೇಶ ಜಿಎಲ್‌ಐಬಿಸಿಎಕ್ಸ್‌ಎಕ್ಸ್ 3.4.30 ಸಿಗಲಿಲ್ಲ ಎಂದಿತ್ತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳಿಗೆಲ್ಲ ಬೇಕಾಗುವ ಮೂಲ ಲೈಬ್ರರಿಯೊಂದಿದೆ. ಆ ಸಂಖ್ಯೆ ಅದರ ಒಳಗುರುತು. ಉಬುಂಟು 22.04ರಲ್ಲಿ ಈ ಲೈಬ್ರರಿ, ಮೂಲಸಂಕೇತವನ್ನು ಓಡಬಲ್ಲ ರೂಪಕ್ಕೆ ತರುವ (ಕಂಪೈಲ್ ಮಾಡುವ) ಜಿಸಿಸಿಯ 12ನೇ ಆವೃತ್ತಿಯದು, ಅದರಲ್ಲಿ 3.4.30 ಇದೆ. ಅನಕೊಂಡಾದೊಳಗಿನ ಪ್ರತಿ ಜಿಸಿಸಿ 11ರ ಕಾಲದ್ದು, ಅದು 3.4.29ಕ್ಕೆ ಮುಗಿಯುತ್ತದೆ. ಎರಡೂ ಫೈಲ್‌ಗಳ ಹೆಸರು ಒಂದೇ. ಸ್ಟ್ರಿಂಗ್ಸ್ ಕಮಾಂಡಿನಿಂದ ಎರಡನ್ನೂ ಹಿಂಡಿ, ಆ ಗುರುತಿನ ಸಾಲುಗಳನ್ನಷ್ಟೇ ಸೋಸಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಒಂದು ಪಟ್ಟಿಯ ಕೊನೆಯಲ್ಲಿ 30 ಇದೆ, ಇನ್ನೊಂದರಲ್ಲಿ ಇಲ್ಲ. ಎಲ್‌ಡಿ ಲೈಬ್ರರಿ ಪಾತ್‌ನ ದೆಸೆಯಿಂದ ಉಬುಂಟುವಿನ ಪ್ರೋಗ್ರಾಮು ತನ್ನ ಲೈಬ್ರರಿಯನ್ನು ಬಿಟ್ಟು ಅನಕೊಂಡಾದ ಹಳೆಯದನ್ನು ಎತ್ತಿಕೊಳ್ಳುತ್ತಿತ್ತು. ಯಾವ ಪ್ರೋಗ್ರಾಮು ಯಾವ ಫೋಲ್ಡರಿನಿಂದ ಯಾವ ಲೈಬ್ರರಿ ಎತ್ತುತ್ತದೆ ಎಂಬುದನ್ನು ಎಲ್‌ಡಿಡಿ ಕಮಾಂಡು ಸಾಲುಸಾಲಾಗಿ ತೋರಿಸುತ್ತದೆ. ಇಂಥ ತಕರಾರಿನಲ್ಲಿ ಹೊಸದಾಗಿ ಏನನ್ನಾದರೂ ಹಾಕುವ ಮೊದಲು ಎಲ್‌ಡಿಡಿಯ ಉತ್ತರವನ್ನು ಒಮ್ಮೆ ನೋಡುವುದು ಗಂಟೆಗಟ್ಟಲೆ ಡೌನ್‌ಲೋಡ್ ಉಳಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆಗಾಲದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೆಲಸ ಮಾಡುವವರಿಗೆ ಅದು ಸಣ್ಣ ಉಳಿತಾಯವಲ್ಲ.

ಎರಡೂ ಸಾಲುಗಳ ಮುಂದೆ ಹ್ಯಾಷ್ ಚಿಹ್ನೆ ಹಾಕಿ ಅವುಗಳನ್ನು ನಿಷ್ಕ್ರಿಯಗೊಳಿಸಿದೆವು. ಹೊಸ ಟರ್ಮಿನಲ್‌ನಿಂದ ಕ್ಯೂಜಿಐಎಸ್ 3.22 ತೆರೆಯಿತು.

ಉಳಿದದ್ದು ಚಿತ್ರವನ್ನು ಅರೇ ಆಗಿ ಓದುವಾಗ ಬರುವ ದೋಷ. ನಿಜವಾದ ಹಟಮಾರಿ ಇದೇ. ಇದರ ಹಿಂದೆ ಪಿಪ್ ಮೂಲಕ ಜಿಡಾಲ್‌ನ ಪೈಥಾನ್ ಸಂಪರ್ಕವನ್ನು ಹಾಕಲು ಮಾಡಿದ ಪ್ರಯತ್ನದ ಕಥೆಯಿದೆ. ಪಿಪ್‌ನಲ್ಲಿ ಜಿಡಾಲ್ ಎಂಬ ಹೆಸರಿನಲ್ಲಿ ಸಿಗುವುದು ಜಿಡಾಲ್ ಅಲ್ಲ, ಈಗಾಗಲೇ ಯಂತ್ರದಲ್ಲಿರುವ ಜಿಡಾಲ್ ಲೈಬ್ರರಿಯನ್ನು ಪೈಥಾನಿಗೆ ಜೋಡಿಸುವ ಕೊಂಡಿ ಮಾತ್ರ, ಅದೂ ಮೂಲಸಂಕೇತದ ರೂಪದಲ್ಲಿ. ಯಂತ್ರದಲ್ಲೇ ಅದನ್ನು ಕಂಪೈಲ್ ಮಾಡಬೇಕು. ಹೆಸರಷ್ಟೇ ಹೇಳಿದರೆ ಪಿಪ್ ಎಲ್ಲಕ್ಕಿಂತ ಹೊಸ ಆವೃತ್ತಿಯನ್ನು ತರುತ್ತದೆ. ಯಂತ್ರದಲ್ಲಿರುವುದು 3.4.1 ಆದ್ದರಿಂದ ಈ ಕೊಂಡಿಗೆ ಇನ್ನೂ ಹೊಸ ಜಿಡಾಲ್ ಬೇಕು ಎಂದು ಅದು ನಿಂತುಬಿಡುತ್ತದೆ. ಇದನ್ನು ದಾಟಲು ಪಿಪ್‌ಗೆ 3.4.1 ಎಂದೇ ಸಂಖ್ಯೆ ಹೇಳಬೇಕು. ಅಲ್ಲಿಯವರೆಗೆ ಸರಿಯಾಗಿಯೇ ನಡೆದಿತ್ತು. ಕೊಂಡಿ ಕಂಪೈಲ್ ಆಗಿ, ಅಳವಡಿಕೆ ಯಶಸ್ವಿ ಎಂಬ ಸಂದೇಶವೂ ಬಂದಿತ್ತು.

ಆದರೆ ಆ ಕೊಂಡಿಗೆ ಎರಡು ಭಾಗಗಳಿವೆ. ಚಿತ್ರ ತೆರೆದು ಅದರ ಅಳತೆ, ನಿರ್ದೇಶಾಂಕ ಮುಂತಾದವನ್ನು ಹೇಳುವುದು ಒಂದು ಭಾಗ. ಚಿತ್ರದ ಅಂಕಿಗಳನ್ನು ಪೈಥಾನಿನ ಲೆಕ್ಕದ ಪ್ಯಾಕೇಜಾದ ನಂಪೈನ ಅರೇ ಆಗಿ ಕೈಗೆ ಕೊಡುವ ಜಿಡಾಲ್ ಅರೇ ಎಂಬುದು ಇನ್ನೊಂದು. ಕಂಪೈಲ್ ಆಗುವ ಹೊತ್ತಿಗೆ ನಂಪೈ ಕಣ್ಣಿಗೆ ಬೀಳದಿದ್ದರೆ ಎರಡನೆಯ ಭಾಗವನ್ನು ಅದು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಪಿಪ್ ಈಗೀಗ ಪ್ರತಿ ಪ್ಯಾಕೇಜನ್ನೂ ಪ್ರತ್ಯೇಕವಾದ, ತಾತ್ಕಾಲಿಕ ಜಾಗದಲ್ಲಿ ಕಂಪೈಲ್ ಮಾಡುವುದರಿಂದ, ಯಂತ್ರದಲ್ಲಿ ನಂಪೈ ಇದ್ದರೂ ಆ ಜಾಗಕ್ಕೆ ಅದು ಕಾಣುವುದಿಲ್ಲ. ಫಲಿತಾಂಶ, ಅರ್ಧ ಮಾತ್ರ ಕೆಲಸ ಮಾಡುವ ಕೊಂಡಿ. ಅದನ್ನು ಅಳಿಸಿ ಮತ್ತೆ ಹಾಕಿದರೂ ಅದೇ ಅರ್ಧ ಕೊಂಡಿ ಬರುತ್ತಿದ್ದುದಕ್ಕೆ ಕಾರಣ ಪಿಪ್‌ನ ಸಂಗ್ರಹ, ಅಂದರೆ ಕ್ಯಾಶ್. ಒಮ್ಮೆ ಕಂಪೈಲ್ ಆದದ್ದನ್ನು ಪಿಪ್ ಅಲ್ಲಿ ಜೋಪಾನವಾಗಿ ಇಟ್ಟುಕೊಂಡು, ಮುಂದೆ ಕೇಳಿದಾಗಲೆಲ್ಲ ಮರುಕಂಪೈಲ್ ಮಾಡದೆ ಅದನ್ನೇ ಕೊಡುತ್ತದೆ. ವೇಗಕ್ಕಾಗಿ ಮಾಡಿದ ಈ ಏರ್ಪಾಡು ಇಲ್ಲಿ ದೋಷವನ್ನು ಕಾಪಾಡುತ್ತಿತ್ತು. ಮರುಅಳವಡಿಕೆ ಅನುಮಾನಾಸ್ಪದವಾಗಿ ಬೇಗ ಮುಗಿದರೆ, ಕಂಪೈಲರ್ ಓಡಿಯೇ ಇಲ್ಲ ಎಂದು ತಿಳಿಯಬೇಕು.

ಇದಕ್ಕೆ ಮದ್ದಿದೆ: ನಂಪೈ ಮತ್ತು ಪ್ಯಾಕೇಜು ಕಟ್ಟುವ ಸೆಟಪ್‌ಟೂಲ್ಸ್ ಮೊದಲು ಹಾಕಿ, ಪ್ರತ್ಯೇಕ ಜಾಗ ಬೇಡ, ಸಂಗ್ರಹದಿಂದ ತರಬೇಡ ಎಂಬ ಎರಡು ಆಯ್ಕೆಗಳೊಡನೆ ಪಿಪ್‌ಗೆ 3.4.1 ಕೇಳುವುದು. ಪರೀಕ್ಷೆಗಾಗಿ ಹಾಗೆ ಮಾಡಿ ನೋಡಿದೆವು, ಅರೇ ಭಾಗ ಬಂತು. ಆದರೆ ಶಾಶ್ವತ ಪರಿಹಾರವೆಂದು ಇದನ್ನು ನಾನು ಒಪ್ಪಲಿಲ್ಲ. ಡಾಟ್‌ಲೋಕಲ್ ಫೋಲ್ಡರಿಗೆ ಪಿಪ್ ತಂದು ಹಾಕಿದ ನಂಪೈ ಅಲ್ಲಿಗೇ ನಿಲ್ಲುವುದಿಲ್ಲ. ಉಬುಂಟುವಿನ ಪೈಥಾನ್ 3.10 ಕೂಡ ಆ ಫೋಲ್ಡರನ್ನು ನೋಡುತ್ತದೆ, ಕ್ಯೂಜಿಐಎಸ್ ಬಳಸುವುದು ಅದೇ ಪೈಥಾನನ್ನು. ಕ್ಯೂಜಿಐಎಸ್‌ನ ಒಳಭಾಗಗಳು ನಂಪೈ 1ರ ಕಾಲದಲ್ಲಿ ಕಂಪೈಲ್ ಆದವು. 2024ರ ಜೂನ್‌ನಲ್ಲಿ ಬಂದ ನಂಪೈ 2ರೊಂದಿಗೆ ಅವು ಹೊಂದುವುದಿಲ್ಲ. ಅಷ್ಟೇ ಅಲ್ಲ, ಕಾಂಡಾ ಎನ್ವಿರಾನ್‌ಮೆಂಟಿನ ಪೈಥಾನ್ ಕೂಡ 3.10 ಆಗಿದ್ದರೆ ಅದಕ್ಕೂ ಇದೇ ಡಾಟ್‌ಲೋಕಲ್ ಕಾಣುತ್ತದೆ. ಬೇರೆ ಬೇರೆ ಎಂದುಕೊಂಡ ಮೂರು ಜಾಗಗಳು ಈ ಒಂದು ಫೋಲ್ಡರಿನ ಮೂಲಕ ಒಳಗೊಳಗೇ ಸೇರಿಕೊಂಡಿದ್ದವು.

ಆದ್ದರಿಂದ ತೀರ್ಮಾನ ಹೀಗಾಯಿತು. ಉಬುಂಟುವಿನ ಜಿಡಾಲ್ ಮತ್ತು ಕ್ಯೂಜಿಐಎಸ್ ಹಾಗೆಯೇ ಇರಲಿ, ಅವು ಪರಸ್ಪರ ಹೊಂದುವಂತೆ ಕಟ್ಟಿದವು. ಡಾಟ್‌ಲೋಕಲ್‌ನಲ್ಲಿ ಪಿಪ್ ಹಾಕಿದ್ದನ್ನೆಲ್ಲ ತೆಗೆಯುವುದು. ಹಳೆಯ ಅನಕೊಂಡಾವನ್ನೂ ತೆಗೆಯುವುದು. ಪೈಥಾನ್ ಕೆಲಸಕ್ಕೆ ಕಾಂಡಾದ ಚಿಕ್ಕ ಕಟ್ಟಾದ ಮಿನಿಫೋರ್ಜ್ ಹಾಕಿ, ಬೇಕಾದ್ದನ್ನೆಲ್ಲ ಕಾಂಡಾ ಫೋರ್ಜ್ ಎಂಬ ಒಂದೇ ಭಂಡಾರದಿಂದ, ಒಂದೇ ಕಮಾಂಡಿನಲ್ಲಿ ತರುವುದು. ಒಂದೇ ಕಮಾಂಡಿನಲ್ಲಿ ಎಂಬುದಕ್ಕೆ ಅರ್ಥವಿದೆ: ಎಲ್ಲ ಹೆಸರುಗಳನ್ನೂ ಒಟ್ಟಿಗೆ ಕೊಟ್ಟಾಗ ಕಾಂಡಾ ಎಲ್ಲಕ್ಕೂ ಹೊಂದುವ ಆವೃತ್ತಿಗಳನ್ನು ಒಟ್ಟಿಗೇ ಲೆಕ್ಕ ಹಾಕುತ್ತದೆ. ಹಿಂದೆ ಈ ಲೆಕ್ಕವೇ ಬಹಳ ಹೊತ್ತು ತಿನ್ನುತ್ತಿತ್ತು. ಕಾಂಡಾ 23.10ರಿಂದ ಲಿಬ್‌ಮಾಂಬಾ ಎಂಬ ವೇಗದ ವಿಧಾನವೇ ರೂಢಿಯಾದ ಮೇಲೆ ಆ ಕಷ್ಟ ತಗ್ಗಿದೆ. ಹೊಸ ಎನ್ವಿರಾನ್‌ಮೆಂಟಿಗೆ ಪೈಥಾನ್ 3.12 ಆರಿಸಿದೆವು. ಮನೆಯ ಫೋಲ್ಡರಿನ ಪ್ಯಾಕೇಜುಗಳನ್ನು ನೋಡಬೇಡ ಎಂದು ಹೇಳುವ ವೇರಿಯಬಲ್ಲನ್ನು ಆ ಎನ್ವಿರಾನ್‌ಮೆಂಟಿಗೆ ಮಾತ್ರ ಅನ್ವಯಿಸುವಂತೆ ಇಟ್ಟೆವು. ಪ್ರೊಜ್‌ನ ದತ್ತಾಂಶ ಎಲ್ಲಿದೆ ಎಂಬುದನ್ನು ಕೈಯಿಂದ ಹೇಳುವ ಅಗತ್ಯವೇ ಬರಲಿಲ್ಲ, ಎನ್ವಿರಾನ್‌ಮೆಂಟನ್ನು ಚಾಲೂ ಮಾಡಿದಾಗ ಕಾಂಡಾ ಅದನ್ನು ತಾನೇ ನೋಡಿಕೊಳ್ಳುತ್ತದೆ.

ದೋಷಸಂದೇಶ ಬರಲಿಲ್ಲ ಎಂಬುದನ್ನು ಉತ್ತರ ಸರಿಯಿದೆ ಎಂಬುದಕ್ಕೆ ಪುರಾವೆಯೆಂದು ತೆಗೆದುಕೊಳ್ಳುವಂತಿಲ್ಲ. ಅಳತೆಯ ಕೆಲಸದಲ್ಲಿ ಇದು ಪ್ರಾಣದಷ್ಟು ಮುಖ್ಯ. ಹಾಗಾಗಿ ಕಾಗದದ ಮೇಲೆ ಲೆಕ್ಕ ಹಾಕಬಹುದಾದ ಒಂದು ಬಿಂದುವನ್ನು ಆರಿಸಿಕೊಂಡೆವು: ಹಂಪನಕಟ್ಟೆಯ ಆಸುಪಾಸು, ಅಕ್ಷಾಂಶ 12.87 ಉತ್ತರ, ರೇಖಾಂಶ 74.84 ಪೂರ್ವ. ಯುಟಿಎಂ ವಲಯ 43 ಪೂರ್ವ ರೇಖಾಂಶ 72ರಿಂದ 78ರವರೆಗೆ. ಅದರ ಮಧ್ಯರೇಖೆ 75. ಮಂಗಳೂರು ಆ ಮಧ್ಯರೇಖೆಯಿಂದ ಕೇವಲ 0.16 ಡಿಗ್ರಿ ಪಶ್ಚಿಮಕ್ಕಿದೆ, ಆದ್ದರಿಂದ ಕೈಲೆಕ್ಕ ಸುಲಭ. ಈ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108.54 ಕಿಲೋಮೀಟರ್. ಅದನ್ನು 0.16ರಿಂದಲೂ ಯುಟಿಎಂನ ಅಳತೆಯಂಶವಾದ 0.9996ರಿಂದಲೂ ಗುಣಿಸಿದರೆ ಸುಮಾರು 17.36 ಕಿಲೋಮೀಟರ್. ಮಧ್ಯರೇಖೆಗೆ ಕೊಟ್ಟ 5,00,000 ಮೀಟರಿನಿಂದ ಕಳೆದರೆ ಪೂರ್ವಾಂಕ ಸುಮಾರು 4,82,640 ಮೀಟರ್ ಬರಬೇಕು. ಸಮಭಾಜಕದಿಂದ 12.87 ಡಿಗ್ರಿ ಎಂದರೆ, ಡಿಗ್ರಿಗೆ ಸುಮಾರು 110.6 ಕಿಲೋಮೀಟರಿನಂತೆ ಲೆಕ್ಕ ಹಾಕಿ ಅದನ್ನೂ 0.9996ರಿಂದ ಗುಣಿಸಿದರೆ, ಉತ್ತರಾಂಕ 14,22,800 ಮೀಟರಿನ ಆಸುಪಾಸು ಇರಬೇಕು. ಪೈಪ್ರೊಜ್ ಕೊಟ್ಟ ಉತ್ತರ ಈ ಎರಡಕ್ಕೂ ಹೊಂದಿತು.

ಅದೇ ಲೆಕ್ಕವನ್ನು ಅವರ ಹಳೆಯ ಪೈಥಾನ್ ಫೈಲಿನಲ್ಲಿ ಓಡಿಸಿದಾಗ ಬಂದದ್ದು ಅರ್ಥವಿಲ್ಲದ ಅಂಕಿಗಳು. ಇದು ಅಳವಡಿಕೆಯ ದೋಷವಾಗಿರಲಿಲ್ಲ. 2019ರ ಮೇ ತಿಂಗಳಿನಲ್ಲಿ ಬಂದ ಜಿಡಾಲ್ 3ರಿಂದ, ಇಪಿಎಸ್‌ಜಿ 4326 (ಜಿಪಿಎಸ್ ಬಳಸುವ ಅಕ್ಷಾಂಶ ರೇಖಾಂಶ ಪದ್ಧತಿ) ಎಂದು ಹೇಳಿ ನಿರ್ದೇಶಾಂಕ ಕೊಟ್ಟರೆ ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ ಎಂದೇ ಅದು ತಿಳಿಯುತ್ತದೆ; ಜಿಡಾಲ್ 2ರಲ್ಲಿ ರೇಖಾಂಶ ಮೊದಲು ಇತ್ತು. ಹಳೆಯ ಫೈಲ್ ಬರೆದದ್ದು ಹಳೆಯ ಕ್ರಮದಲ್ಲಿ. ಭಾರತದವರು ಇಲ್ಲಿ ಹೆಚ್ಚು ಜಾಗ್ರತೆ ವಹಿಸಬೇಕು. ನಮ್ಮ ದೇಶದ ಬಹುಪಾಲಿನ ರೇಖಾಂಶ 90 ಡಿಗ್ರಿಗಿಂತ ಕಡಿಮೆ ಇರುವುದರಿಂದ, ಅದಲುಬದಲಾದಾಗಲೂ ಅದು ಸಾಧ್ಯವಿರುವ ಅಕ್ಷಾಂಶವಾಗಿಯೇ ಕಾಣುತ್ತದೆ, ತಂತ್ರಾಂಶ ಆಕ್ಷೇಪ ಎತ್ತುವುದಿಲ್ಲ. 74.84 ಉತ್ತರ, 12.87 ಪೂರ್ವ ಎಂದರೆ ನಾರ್ವೆಗೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಿನ ಶೀತ ಕಡಲು. ಜಿಡಾಲ್‌ಗೆ ಹಳೆಯ ಕ್ರಮವನ್ನೇ ಇಟ್ಟುಕೋ ಎಂದು ಹೇಳುವ ಆಯ್ಕೆಯನ್ನು ಫೈಲಿನಲ್ಲಿ ಸೇರಿಸಿದೆವು. ಪೈಪ್ರೊಜ್‌ನಲ್ಲಿ ಇದಕ್ಕೆ ಆಲ್ವೇಸ್ ಎಕ್ಸ್‌ವೈ ಎಂಬ ಆಯ್ಕೆ ಇದೆ.

ಪ್ರೊಜ್ ಡಿಬಿ ಸರಿಯಾಗಿ ಸಿಗುವುದು ಈ ಸಂಶೋಧನೆಗೆ ಏಕೆ ಅಷ್ಟು ಅಗತ್ಯ ಎಂಬುದು ಟೋಪೋಶೀಟಿನ ಹತ್ತಿರ ಬಂದಾಗ ಗೊತ್ತಾಗುತ್ತದೆ. ಹಳೆಯ ದಡರೇಖೆಗೆ ಅವರು ಬಳಸುವುದು ಭಾರತೀಯ ಸರ್ವೇಕ್ಷಣ ಇಲಾಖೆಯ 48 ಎಲ್/13 ಹಾಳೆ. ಅದು ಭೂಮಿಯ ಆಕಾರದ ಹಳೆಯ ಮಾದರಿಯಾದ ಎವರೆಸ್ಟ್ ಗೋಳಾಭದ ಮೇಲೆ, ಮಧ್ಯಪ್ರದೇಶದ ಕಲ್ಯಾಣಪುರ ಆಧಾರದ ಲೆಕ್ಕದಲ್ಲಿ ಬರೆದ ನಕ್ಷೆ. ಉಪಗ್ರಹ ಚಿತ್ರಗಳಿರುವುದು ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84ರಲ್ಲಿ. ಎರಡರಲ್ಲೂ ಅಕ್ಷಾಂಶ ರೇಖಾಂಶದ ಅಂಕಿ ಒಂದೇ ಇದ್ದರೂ ನೆಲದ ಮೇಲೆ ಇಲ್ಲಿ ನೂರು ಮೀಟರಿಗೂ ಮೀರಿದ ಅಂತರವಿದೆ. ಈ ಪರಿವರ್ತನೆಯ ಅಂಕಿಅಂಶಗಳು ಇರುವುದು ಪ್ರೊಜ್ ಡಿಬಿಯಲ್ಲಿ. ಅದು ಸಿಗದಿದ್ದಾಗ ದೋಷ ತಪ್ಪಿಸಲೆಂದು ಪ್ರಕ್ಷೇಪದ ವಿವರವನ್ನು ಕೈಯಿಂದಲೇ ಬರೆದು, ಪರಿವರ್ತನೆಯ ಅಂಕಿಗಳನ್ನು ಬಿಟ್ಟುಬಿಡುವ ರೂಢಿ ಇದೆ. ಹಾಗೆ ಮಾಡಿದರೆ ಕೆಲಸ ಮುಂದೆ ಸಾಗುತ್ತದೆ, ದಡ ಮಾತ್ರ ಕೊರೆತವಿಲ್ಲದೆಯೇ ಸುಮಾರು ನೂರು ಮೀಟರ್ ಸರಿದಂತೆ ಕಾಣುತ್ತದೆ. ಉಳ್ಳಾಲದ ದಡದಲ್ಲಿ ಕೆಲವೇ ಮೀಟರಿನ ವ್ಯತ್ಯಾಸ ಒಂದು ಮನೆಯ ಪ್ರಶ್ನೆ. ಅಂಥ ಕಡೆ ಇಂಥ ಅಂಕಿ ಪ್ರಬಂಧಕ್ಕೆ ನುಸುಳುವುದನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ.

ಕೊನೆಗೆ ಸೆಂಟಿನೆಲ್-2ರ ಚಿತ್ರ ತೆರೆಯಲು ಹೋದಾಗ ಇನ್ನೊಂದು ತಡೆ ಎದುರಾಯಿತು. ಈ ಉಪಗ್ರಹದ ಚಿತ್ರಗಳು ಜೆಪೆಗ್ 2000 ರೂಪದ ಫೈಲ್‌ಗಳಾಗಿ ಬರುತ್ತವೆ. ಇದು ನನಗೆ ತಿಳಿದ ಬಗೆಯ ಫೈಲಲ್ಲ, ಓಪನ್ ಜೆಪೆಗ್ ಡ್ರೈವರ್ ಇದ್ದರೆ ತಿಳಿಯುತ್ತಿತ್ತು, ಆದರೆ ಆ ಪ್ಲಗಿನ್ ಇಲ್ಲಿಲ್ಲ ಎಂದಿತು ಹೊಸ ಜಿಡಾಲ್. ಕಾಂಡಾ ಫೋರ್ಜ್‌ನವರು ಈಚಿನ ಆವೃತ್ತಿಗಳಲ್ಲಿ ಜಿಡಾಲ್‌ನ ಗಾತ್ರ ಇಳಿಸಲು ಕೆಲವು ಡ್ರೈವರ್‌ಗಳನ್ನು ಬೇರೆ ಬೇರೆ ಪ್ಯಾಕೇಜುಗಳಾಗಿ ಒಡೆದಿದ್ದಾರೆ, ಯಾವ ಪ್ಯಾಕೇಜು ಹಾಕಬೇಕೆಂದು ಸಂದೇಶದಲ್ಲೇ ಬರೆದಿರುತ್ತದೆ. ಹೇಳಿದ ಹೆಸರನ್ನು ಹಾಕಿದೆವು, ಚಿತ್ರ ತೆರೆಯಿತು. ನೆಟ್‌ಸಿಡಿಎಫ್ ಎಂಬ ವಿಜ್ಞಾನ ದತ್ತಾಂಶದ ಫೈಲ್‌ಗಳೂ ಮುಂದೆ ಬೇಕಾಗುವುದರಿಂದ ಆ ಡ್ರೈವರನ್ನೂ ಆಗಲೇ ಸೇರಿಸಿದೆವು.

ನೀರು ಮತ್ತು ನೆಲವನ್ನು ಬೇರ್ಪಡಿಸಲು ಅವರು ಬಳಸುವುದು ಎನ್‌ಡಿಡಬ್ಲ್ಯೂಐ ಸೂಚ್ಯಂಕ: ಹಸಿರು ಬ್ಯಾಂಡಿನಿಂದ ಸಮೀಪ ಅವಕೆಂಪು ಬ್ಯಾಂಡನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಸೆಂಟಿನೆಲ್-2ರಲ್ಲಿ ಅವು 3 ಮತ್ತು 8ನೇ ಬ್ಯಾಂಡುಗಳು, ಎರಡಕ್ಕೂ ಪಿಕ್ಸೆಲ್ 10 ಮೀಟರ್. ಇಡೀ ಚಿತ್ರ 10,980 ಪಿಕ್ಸೆಲ್ ಅಗಲ, ಅಷ್ಟೇ ಉದ್ದ. ದಶಮಾಂಶ ಲೆಕ್ಕಕ್ಕೆ ಬದಲಿಸಿದರೆ ಒಂದೊಂದು ಬ್ಯಾಂಡೂ ಸುಮಾರು 960 ಎಂಬಿ ಮೆಮೊರಿ ತಿನ್ನುತ್ತದೆ, ನಡುವಿನ ಲೆಕ್ಕಗಳೂ ಸೇರಿದರೆ 8 ಜಿಬಿಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಹಿಂದೆ ಯಂತ್ರ ಸ್ತಬ್ಧವಾಗುತ್ತಿದ್ದುದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನಿಸುತ್ತದೆ. ರಾಸ್ಟೀರಿಯೊದಲ್ಲಿ ಕಿಟಕಿಯಷ್ಟು ಭಾಗವನ್ನು ಮಾತ್ರ ಓದುವ ಸೌಲಭ್ಯವಿದೆ. ಅಳಿವೆಯಿಂದ ಸೋಮೇಶ್ವರದವರೆಗಿನ ದಡದ ಪಟ್ಟಿಯನ್ನಷ್ಟೇ ಓದಿಸಿದಾಗ ಸೂಚ್ಯಂಕದ ಚಿತ್ರ ಕ್ಷಣದಲ್ಲಿ ಬಂತು. ಅದನ್ನು ಕ್ಯೂಜಿಐಎಸ್‌ನಲ್ಲಿ ತೆರೆದು, ಅಳಿವೆಯ ತಡೆಗೋಡೆಗಳು ಬೇರೆ ನಕ್ಷೆಯ ಪದರದೊಂದಿಗೆ ಒಂದರ ಮೇಲೊಂದು ಕೂರುತ್ತವೆಯೇ ಎಂದು ದೊಡ್ಡದು ಮಾಡಿ ನೋಡಿದೆವು. ಒಂದು ಪಿಕ್ಸೆಲಿನೊಳಗೆ ಕೂತವು.

ಎಲ್ಲ ಮುಗಿದ ಮೇಲೆ ಎನ್ವಿರಾನ್‌ಮೆಂಟಿನ ಪ್ರತಿ ಪ್ಯಾಕೇಜಿನ ನಿಖರ ವಿಳಾಸವಿರುವ ಪಟ್ಟಿಯನ್ನು ಕಾಂಡಾದಿಂದ ಹೊರತೆಗೆದು, ಪ್ರಬಂಧದ ಫೋಲ್ಡರಿನಲ್ಲಿ ಪೈಥಾನ್ ಫೈಲ್‌ಗಳ ಜೊತೆಗೇ ಇಟ್ಟೆವು. ಬೇರೊಂದು ಲಿನಕ್ಸ್ ಯಂತ್ರದಲ್ಲಿ ಇದೇ ಎನ್ವಿರಾನ್‌ಮೆಂಟನ್ನು ಮತ್ತೆ ಕಟ್ಟಲು ಆ ಒಂದು ಫೈಲ್ ಸಾಕು. ಹಂಪನಕಟ್ಟೆಯ ಬಿಂದುವಿನ ಪರೀಕ್ಷೆಯನ್ನು ಸಣ್ಣ ಪೈಥಾನ್ ಫೈಲಾಗಿ ಬರೆದು ಅದರ ಪಕ್ಕದಲ್ಲಿ ಇಟ್ಟಿದ್ದೇವೆ. ಏನನ್ನಾದರೂ ಅಪ್‌ಡೇಟ್ ಮಾಡಿದ ಮೇಲೆ ಅದನ್ನು ಓಡಿಸಿ, ಎರಡು ಅಂಕಿಗಳೂ ಮೊದಲಿನಂತೆಯೇ ಬಂದರೆ ಮಾತ್ರ ಕೆಲಸ ಮುಂದುವರಿಸುವುದೆಂದು ಮಾತಾಗಿದೆ. ಬ್ಯಾಶ್‌ಆರ್‌ಸಿಯಲ್ಲಿ ಹ್ಯಾಷ್ ಹಾಕಿದ್ದ ಎರಡು ಸಾಲುಗಳನ್ನು ಕೊನೆಗೆ ಪೂರ್ತಿ ಅಳಿಸಿದೆವು. ಹಳೆಯ ಅನಕೊಂಡಾ ಮತ್ತು ಪಿಪ್ ಸಂಗ್ರಹ ಹೋದ ಮೇಲೆ ಡಿಸ್ಕಿನಲ್ಲಿ ಬಿಡುವಾದ ಜಾಗಕ್ಕೆ ಈಗ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಹಳೆಯ ಚಿತ್ರಗಳು ಇಳಿಯುತ್ತಿವೆ.